ಸಸ್ಯರೋಗಕಾರಕ ಚೀಲ ಶಿಲೀಂಧ್ರಗಳ ಫಲಕಾಯಗಳು ಮತ್ತು ಬೀಜಕೋತ್ಪತ್ತಿ: ಜೋಳ ಹಾಗೂ ಸಜ್ಜೆಯ ಅರ್ಗಟ್ ರೋಗದ ವಿಶೇಷ ಮಾಹಿತಿಯೊಂದಿಗೆ

ರೈತ ಬಾಂಧವರು, ಬೀಜೋತ್ಪಾದಕರು ಹಾಗೂ ಸಾರ್ವಜನಿಕರ ಮಾಹಿತಿಗಾಗಿ ಈ ಪುಟವನ್ನು ಸಿದ್ಧಪಡಿಸಲಾಗಿದೆ. ಬೀಜ ಪ್ರಮಾಣನಕ್ಕೆ ಅರ್ಜಿ ಸಲ್ಲಿಸುವವರೂ ರೋಗಪೀಡಿತ ಬೆಳೆಯ ಮಾದರಿಯನ್ನು ತಪಾಸಣೆಗೆ ಕೊಡುವವರೂ ತಮಗೆ ದೊರೆತ ವರದಿಯಲ್ಲಿ ‘ಪೆರಿಥೀಸಿಯಂ’, ‘ಸ್ಕ್ಲೀರೋಶಿಯಂ’, ‘ಕೊನಿಡಿಯಾ’ ಎಂಬಂತಹ ಪದಗಳನ್ನು ಕಾಣುತ್ತಾರೆ. ಈ ಪದಗಳ ಅರ್ಥ ತಿಳಿಯದೆ ವರದಿಯನ್ನು ಮಡಿಸಿಟ್ಟುಕೊಂಡರೆ ತಪಾಸಣೆ ಮಾಡಿಸಿದ ಪ್ರಯೋಜನವಾಗುವುದಿಲ್ಲ. ರೋಗಕಾರಕವು ಯಾವ ಹಂತದಲ್ಲಿದೆ, ಎಲ್ಲಿ ಉಳಿದುಕೊಂಡಿದೆ, ಮುಂದಿನ ಹಂಗಾಮಿಗೆ ಹೇಗೆ ದಾಟುತ್ತದೆ ಎಂಬ ಮೂರು ಸಂಗತಿಗಳನ್ನು ಈ ಪದಗಳೇ ಸೂಚಿಸುತ್ತವೆ. ಸಾಮಾನ್ಯ ವಿವರಣೆಯ ನಂತರ, ನಮ್ಮ ರಾಜ್ಯದ ಜೋಳ ಮತ್ತು ಸಜ್ಜೆ ಬೆಳೆಗಾರರಿಗೆ ನೇರವಾಗಿ ಸಂಬಂಧಿಸಿದ ಅರ್ಗಟ್ ರೋಗವನ್ನು ವಿಸ್ತಾರವಾಗಿ ವಿವರಿಸಲಾಗಿದೆ.

ಚೀಲ ಶಿಲೀಂಧ್ರ ಎಂದರೇನು?

ಶಿಲೀಂಧ್ರಗಳಲ್ಲಿ ಅತಿ ದೊಡ್ಡ ವರ್ಗವು ಆಸ್ಕೊಮೈಸೀಟ್ಸ್ ಎಂಬ ಹೆಸರಿನದು. ‘ಆಸ್ಕಸ್’ ಎಂದರೆ ಚೀಲ. ಲೈಂಗಿಕ ಸಂತಾನೋತ್ಪತ್ತಿಯ ಬೀಜಕಗಳು ಸೂಕ್ಷ್ಮವಾದ ಚೀಲವೊಂದರ ಒಳಗೆ ರೂಪುಗೊಳ್ಳುವುದರಿಂದ ಇವುಗಳನ್ನು ಕನ್ನಡದಲ್ಲಿ ಚೀಲ ಶಿಲೀಂಧ್ರಗಳೆಂದು ಕರೆಯಲಾಗುತ್ತದೆ. ಎರಡು ಕೋಶಕೇಂದ್ರಗಳು ಎಳೆಯ ಚೀಲದೊಳಗೆ ಒಂದಾಗಿ, ಕೂಡಲೇ ಅರೆವಿಭಜನೆಗೊಂಡು ನಾಲ್ಕಾಗುತ್ತವೆ. ಆ ನಾಲ್ಕು ಮತ್ತೊಮ್ಮೆ ವಿಭಜನೆಗೊಂಡು ಎಂಟಾಗುತ್ತವೆ. ಆದಕಾರಣ ಹೆಚ್ಚಿನ ಜಾತಿಗಳಲ್ಲಿ ಚೀಲವೊಂದಕ್ಕೆ ಎಂಟು ಬೀಜಕಗಳಿರುತ್ತವೆ. ಇವು ಚೀಲಬೀಜಕಗಳು. ಎರಡು ತಳಿಗಳ ಗುಣಗಳು ಇಲ್ಲಿ ಬೆರೆಯುವುದರಿಂದ, ಔಷಧಿಗೆ ಬಗ್ಗದ ಅಥವಾ ರೋಗನಿರೋಧಕ ತಳಿಯನ್ನೂ ಮುರಿಯಬಲ್ಲ ಹೊಸ ಪ್ರಭೇದಗಳು ಹುಟ್ಟುವ ಅವಕಾಶ ಈ ಹಂತದಲ್ಲಿ ಹೆಚ್ಚು.

ಇದೇ ಶಿಲೀಂಧ್ರವು ಬೆಳೆಯ ಹಂಗಾಮಿನಲ್ಲಿ ಬೇರೊಂದು ಬಗೆಯಲ್ಲಿಯೂ ಸಂತಾನವನ್ನು ಹೆಚ್ಚಿಸಿಕೊಳ್ಳುತ್ತದೆ. ಯಾವ ಕೂಡುವಿಕೆಯೂ ಇಲ್ಲದೆ ಎಳೆಗಳ ತುದಿಯಿಂದಲೇ ಬೀಜಕಗಳು ಕಳಚಿಕೊಳ್ಳುತ್ತವೆ. ಇವುಗಳಿಗೆ ಕೊನಿಡಿಯಾ ಎಂದು ಹೆಸರು. ರೋಗವು ಒಂದು ಗಿಡದಿಂದ ಇಡೀ ಹೊಲಕ್ಕೆ ಕೆಲವೇ ದಿನಗಳಲ್ಲಿ ಹರಡುವುದು ಬಹುಮಟ್ಟಿಗೆ ಕೊನಿಡಿಯಾಗಳಿಂದ. ಭತ್ತ ಮತ್ತು ರಾಗಿಯ ಬೆಂಕಿ ರೋಗವನ್ನೇ ನೋಡಬಹುದು. ಭತ್ತದ ಎಲೆಯ ಮೇಲಿನ ಒಂದು ಚುಕ್ಕೆಯು ದಿನವೊಂದಕ್ಕೆ ಸಾವಿರಾರು ಕೊನಿಡಿಯಾಗಳನ್ನು ಎರಡು ವಾರಗಳವರೆಗೂ ಹೊರಹಾಕಬಲ್ಲದು. ಆ ಶಿಲೀಂಧ್ರದ ಲೈಂಗಿಕ ಹಂತವನ್ನು ಪ್ರಯೋಗಾಲಯದಲ್ಲಿ 1971ರಲ್ಲಿ ಮೊದಲು ಪಡೆಯಲಾಯಿತೇ ಹೊರತು, ನಮ್ಮ ಗದ್ದೆಗಳಲ್ಲಿ ರೋಗ ಹರಡಲು ಅದರ ಅಗತ್ಯವೇ ಬೀಳುವುದಿಲ್ಲ.

ಹೆಸರುಗಳ ಬಗ್ಗೆ ಒಂದು ಸೂಚನೆ. ಲೈಂಗಿಕ ಹಂತ ಮತ್ತು ಅಲೈಂಗಿಕ ಹಂತ ನೋಟದಲ್ಲಿ ಸಂಪೂರ್ಣ ಬೇರೆಯಾಗಿರುವುದರಿಂದ ಹಿಂದಿನ ವಿಜ್ಞಾನಿಗಳು ಒಂದೇ ಶಿಲೀಂಧ್ರಕ್ಕೆ ಎರಡು ಹೆಸರುಗಳನ್ನು ಇಟ್ಟಿದ್ದರು. 2011ರಲ್ಲಿ ಮೆಲ್ಬರ್ನ್ ನಗರದಲ್ಲಿ ನಡೆದ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ, ಒಂದು ಶಿಲೀಂಧ್ರಕ್ಕೆ ಒಂದೇ ಹೆಸರಿರಬೇಕೆಂದು ತೀರ್ಮಾನಿಸಲಾಯಿತು. ಆದಾಗ್ಯೂ ಹಳೆಯ ಪುಸ್ತಕಗಳಲ್ಲಿ, ಕೈಪಿಡಿಗಳಲ್ಲಿ ಹಾಗೂ ಕೆಲವು ಮಾನಕಗಳಲ್ಲಿ ಹಳೆಯ ಹೆಸರುಗಳೇ ಉಳಿದಿವೆ. ಒಂದು ವರದಿಯಲ್ಲಿ ‘ಸ್ಫಸೀಲಿಯ’ ಎಂದೂ ಇನ್ನೊಂದರಲ್ಲಿ ‘ಕ್ಲಾವಿಸೆಪ್ಸ್’ ಎಂದೂ ಬಂದಲ್ಲಿ ಬೆಳೆಗೆ ಎರಡು ರೋಗಗಳು ತಗುಲಿವೆ ಎಂದು ಭಾವಿಸಿ ಎರಡು ಔಷಧಿಗಳನ್ನು ಖರೀದಿಸುವ ಅಗತ್ಯವಿಲ್ಲ.

ಫಲಕಾಯಗಳ ವಿಧಗಳು

ಚೀಲಗಳು ಬಹುತೇಕ ಶಿಲೀಂಧ್ರಗಳಲ್ಲಿ ಬಯಲಿನಲ್ಲಿ ಇರುವುದಿಲ್ಲ. ಎಳೆಗಳು ಹೆಣೆದು ಕಟ್ಟಿದ ಗೂಡಿನಂತಹ ರಚನೆಯೊಳಗೆ ಇರುತ್ತವೆ. ಈ ರಚನೆಗೆ ಫಲಕಾಯ ಎಂದು ಹೆಸರು. ಅದರ ಬಾಯಿ ಹೇಗಿದೆ ಎಂಬುದರ ಮೇಲೆ ವಿಂಗಡಣೆ ಮಾಡಲಾಗಿದೆ.

ಬಾಯಿಯೇ ಇಲ್ಲದ, ಎಲ್ಲ ಕಡೆಯೂ ಮುಚ್ಚಿದ ಗೋಲಾಕಾರದ ಫಲಕಾಯವು ಕ್ಲೀಸ್ಟೋಥೀಸಿಯಂ. ಬೂದಿ ರೋಗದ ಶಿಲೀಂಧ್ರಗಳಲ್ಲಿ ಇದು ಕಂಡುಬರುತ್ತದೆ. ಎಲೆಯ ಮೇಲಿನ ಬಿಳಿಯ ಪುಡಿ ಕೊನಿಡಿಯಾಗಳ ರಾಶಿಯಾದರೆ, ಹಂಗಾಮಿನ ಕೊನೆಯಲ್ಲಿ ಅದೇ ಬಿಳುಪಿನ ನಡುವೆ ಕೆಲವೊಮ್ಮೆ ಕಾಣುವ ಕರಿಯ ಚುಕ್ಕೆಗಳು ಈ ಫಲಕಾಯಗಳು. ಗೋಡೆಯು ನೀರುಂಡು ಬಿರಿದಾಗ ಮಾತ್ರ ಒಳಗಿನ ಚೀಲಗಳು ಹೊರಬರುತ್ತವೆ. ಇತ್ತೀಚಿನ ಗ್ರಂಥಗಳಲ್ಲಿ ಇದನ್ನು ಕ್ಯಾಸ್ಮೋಥೀಸಿಯಂ ಎಂದು ಬರೆಯುವುದು ರೂಢಿ. ಬೂದಿ ರೋಗದ ಕೊನಿಡಿಯಾ ಮೊಳೆಯಲು ಎಲೆಯ ಮೇಲೆ ನೀರು ನಿಂತಿರಬೇಕಾಗಿಲ್ಲ ಎಂಬುದನ್ನು ದ್ರಾಕ್ಷಿ ಬೆಳೆಗಾರರು ನೆನಪಿಡತಕ್ಕದ್ದು. ಮಳೆ ಇಲ್ಲದ ದಿನಗಳಲ್ಲಿಯೂ ಈ ರೋಗ ಏರುವುದು ಇದೇ ಕಾರಣಕ್ಕೆ.

ಹೂಜಿಯ ಆಕಾರದ, ಮೇಲ್ತುದಿಯಲ್ಲಿ ಸಣ್ಣ ರಂಧ್ರವಿರುವ ಫಲಕಾಯವು ಪೆರಿಥೀಸಿಯಂ. ಅರ್ಗಟ್ ಶಿಲೀಂಧ್ರದ ಫಲಕಾಯ ಈ ಬಗೆಯದು. ಗೋಧಿಯ ತೆನೆಗೆ ಮತ್ತು ಮೆಕ್ಕೆಜೋಳಕ್ಕೆ ತಗುಲುವ ಫ್ಯುಸೇರಿಯಂ ಗ್ರಾಮಿನಿಯೇರಂ ಎಂಬ ಶಿಲೀಂಧ್ರದ್ದೂ ಇದೇ ಬಗೆ. ಅದರ ಚೀಲವು ಒಳಗಿನ ಒತ್ತಡದಿಂದ ಸಿಡಿಯುವಾಗ ಬೀಜಕಕ್ಕೆ ದೊರೆಯುವ ವೇಗೋತ್ಕರ್ಷವು ಭೂಮಿಯ ಗುರುತ್ವದ ಸುಮಾರು 8,70,000 ಪಟ್ಟು ಎಂದು 2005ರಲ್ಲಿ ಅಳೆಯಲಾಗಿದೆ. ಇಷ್ಟಾದರೂ ಬೀಜಕವು ಸಾಗುವ ದೂರ ಕೆಲವು ಮಿಲಿಮೀಟರ್ ಮಾತ್ರ. ಅತ್ಯಂತ ಹಗುರವಾದ ಕಣವನ್ನು ಗಾಳಿ ಕೂಡಲೇ ತಡೆಯುತ್ತದೆ. ಸಿಡಿತದ ಉದ್ದೇಶ ಬೀಜಕವನ್ನು ಬೆಳೆಗೆ ಮುಟ್ಟಿಸುವುದಲ್ಲ, ಫಲಕಾಯಕ್ಕೆ ಅಂಟಿದ ನಿಶ್ಚಲ ಗಾಳಿಯ ಪದರವನ್ನು ದಾಟಿಸಿ ಬೀಸುವ ಗಾಳಿಗೆ ಒಪ್ಪಿಸುವುದು.

ತೆರೆದ ಬಟ್ಟಲಿನಂತಿರುವುದು ಅಪೋಥೀಸಿಯಂ. ಉತ್ತರ ಭಾರತದ ಸಾಸಿವೆಯ ಕಾಂಡ ಕೊಳೆಗೆ ಕಾರಣವಾದ ಸ್ಕ್ಲೀರೋಟಿನಿಯ ಇದಕ್ಕೆ ಉದಾಹರಣೆ. ಇಲ್ಲಿ ಒಂದು ಬಟ್ಟಲಿನ ಸಾವಿರಾರು ಚೀಲಗಳು ಒಮ್ಮೆಗೇ ಸಿಡಿದು ತಾವೇ ಒಂದು ಸಣ್ಣ ಗಾಳಿಯನ್ನು ಎಬ್ಬಿಸುತ್ತವೆ. ಒಂಟಿಯಾಗಿ ಕೆಲವೇ ಮಿಲಿಮೀಟರ್ ಹೋಗಬಹುದಾದ ಬೀಜಕಗಳು ಹೀಗೆ ಕೂಡಿದಾಗ ಹತ್ತು ಸೆಂಟಿಮೀಟರಿನಷ್ಟು ಮೇಲೇರುತ್ತವೆ.

ಸೇಬಿನ ಕಜ್ಜಿ ರೋಗದಲ್ಲಿ ಕಾಣುವ ಸ್ಯೂಡೋಥೀಸಿಯಂ ಹೊರನೋಟಕ್ಕೆ ಪೆರಿಥೀಸಿಯಂನಂತೆಯೇ ಇರುತ್ತದೆ. ಅದು ಚಳಿಗಾಲದಲ್ಲಿ ಉದುರಿದ ಎಲೆಯೊಳಗೆ ಬೆಳೆದು ವಸಂತದಲ್ಲಿ ಬೀಜಕಗಳನ್ನು ಬಿಡುತ್ತದೆ. ಎಲೆ ಉದುರುವ ಸಮಯಕ್ಕೆ ಶೇಕಡ 5ರ ಯೂರಿಯಾ ದ್ರಾವಣವನ್ನು ಸಿಂಪಡಿಸಿ ಎಲೆಗಳನ್ನು ಬೇಗ ಕೊಳೆಯಿಸುವ ಕ್ರಮ ಈ ತಿಳಿವಳಿಕೆಯಿಂದಲೇ ಬಂದದ್ದು.

ಫಲಕಾಯವನ್ನೇ ಕಟ್ಟದವುಗಳೂ ಇವೆ. ಅರಿಶಿನದ ಎಲೆಮಚ್ಚೆ ರೋಗಕ್ಕೆ ಕಾರಣವಾದ ಟ್ಯಾಫ್ರಿನಾ ಮ್ಯಾಕ್ಯುಲಾನ್ಸ್ ಎಂಬ ಶಿಲೀಂಧ್ರವನ್ನು ಇ. ಜೆ. ಬಟ್ಲರ್ ಅವರು 1911ರಲ್ಲಿ ಭಾರತದಿಂದಲೇ ವರ್ಣಿಸಿದರು. ಅದರ ಚೀಲಗಳು ಎಲೆಯ ಹೊರಪೊರೆಯನ್ನು ಸೀಳಿಕೊಂಡು ನೇರವಾಗಿ ಬಯಲಿಗೆ ಬರುತ್ತವೆ.

ಇವಲ್ಲದೆ ಅಲೈಂಗಿಕ ಬೀಜಕಗಳಿಗೂ ಗೂಡುಗಳುಂಟು. ಮಲೆನಾಡಿನ ಅಡಿಕೆ ಬೆಳೆಗಾರರನ್ನು ಕಂಗೆಡಿಸಿರುವ ಎಲೆಚುಕ್ಕಿ ರೋಗದ ಮಾದರಿಗಳಲ್ಲಿ ಕೊಲೆಟೋಟ್ರೈಕಂ ಎಂಬ ಶಿಲೀಂಧ್ರ ಪತ್ತೆಯಾದಾಗ ವರದಿಯಲ್ಲಿ ‘ಅಸರ್ವುಲಸ್’ ಎಂದು ಬರೆಯಲಾಗುತ್ತದೆ. ಇದು ಹೊರಪೊರೆಯ ಕೆಳಗಿನ ತಟ್ಟೆಯಂತಹ ಗೂಡು. ಫಿಲೋಸ್ಟಿಕ್ಟ ಪತ್ತೆಯಾದಾಗ ‘ಪಿಕ್ನಿಡಿಯಂ’ ಎಂದಿರುತ್ತದೆ, ಇದು ಹೂಜಿಯಂತಹದು. ಪ್ರಸಂಗವಶಾತ್ ಹೇಳುವುದಾದರೆ, ಅಡಿಕೆಯ ಕೊಳೆರೋಗವು ಚೀಲ ಶಿಲೀಂಧ್ರದ್ದಲ್ಲ. ಅದರ ಕಾರಣವಾದ ಫೈಟಾಫ್ತೊರ ನೀರಿನಲ್ಲಿ ಈಜುವ ಬೀಜಕಗಳನ್ನು ಬಿಡುವ ಬೇರೆಯೇ ಕುಲದ ಜೀವಿ. ಎಲೆಚುಕ್ಕಿಗೆ ಸೂಚಿಸಿದ ಔಷಧಿಗಳೆಲ್ಲವೂ ಕೊಳೆರೋಗಕ್ಕೆ ನಾಟುವುದಿಲ್ಲ. ಕೊಳೆರೋಗದ ಔಷಧಿಗಳ ಮಾತೂ ಅಷ್ಟೇ. ಎರಡನ್ನೂ ಒಂದೇ ಎಂದು ಬಗೆದು ಹಣ ವ್ಯಯಿಸುವವರು ಇರುವುದರಿಂದ ಈ ವಿಷಯವನ್ನು ಇಲ್ಲಿ ನಮೂದಿಸಲಾಗಿದೆ.

ಅರ್ಗಟ್ ರೋಗ

ಅರ್ಗಟ್ ಶಿಲೀಂಧ್ರಗಳು ಕ್ಲಾವಿಸೆಪ್ಸ್ ಎಂಬ ಪಂಗಡಕ್ಕೆ ಸೇರಿದವು. ಎಲೆ, ಕಾಂಡ, ಬೇರುಗಳನ್ನು ಇವು ಮುಟ್ಟುವುದಿಲ್ಲ. ಇವುಗಳ ಗುರಿ ಹೂವು ಮಾತ್ರ. ಅದರಲ್ಲಿಯೂ ಇನ್ನೂ ಪರಾಗ ಮುಟ್ಟದ ಹೂವು. ಬೀಜಕವು ಶಲಾಕಾಗ್ರದ ಮೇಲೆ ಬಿದ್ದು ಮೊಳೆತು, ಪರಾಗನಾಳವು ಸಾಗಬೇಕಾದ ಹಾದಿಯಲ್ಲಿಯೇ ಸಾಗಿ ಅಂಡಾಶಯವನ್ನು ಸೇರುತ್ತದೆ ಮತ್ತು ಕಾಳು ಕಟ್ಟಬೇಕಾದ ಸ್ಥಳವನ್ನು ತಾನು ಆಕ್ರಮಿಸಿಕೊಳ್ಳುತ್ತದೆ. ಗಿಡವು ಕಾಳಿಗೆಂದು ಕಳುಹಿಸುವ ಸಕ್ಕರೆಯೆಲ್ಲ ಶಿಲೀಂಧ್ರಕ್ಕೆ ಸಲ್ಲುತ್ತದೆ.

ಮೊದಲನೆಯ ಹಂತ, ಜೇನಿನಂತಹ ದ್ರವ: ಸೋಂಕು ತಗುಲಿದ ಸುಮಾರು ಒಂದು ವಾರದೊಳಗೆ ಹೂವುಗಳಿಂದ ಅಂಟಾದ, ಸಿಹಿಯಾದ ಹನಿಗಳು ಒಸರತೊಡಗುತ್ತವೆ. ಸಜ್ಜೆಯಲ್ಲಿ ಇವು ನಸುಗುಲಾಬಿ ಅಥವಾ ಕೆನೆಬಣ್ಣದವು. ಪ್ರತಿ ಹನಿಯಲ್ಲಿಯೂ ಅಸಂಖ್ಯಾತ ಕೊನಿಡಿಯಾಗಳಿರುತ್ತವೆ. ಸಿಹಿಗೆ ಬರುವ ನೊಣ, ಇರುವೆಗಳ ಮೈಗೆ ಅಂಟಿ, ಮಳೆಹನಿಯ ಸಿಡಿತದಿಂದ ಮತ್ತು ತೆನೆಗೆ ತೆನೆ ತಾಗುವುದರಿಂದ ರೋಗ ಹರಡುತ್ತದೆ. ಜೋಳದಲ್ಲಿ ಹನಿಯು ಎಲೆಯ ಮೇಲೂ ನೆಲದ ಮೇಲೂ ತೊಟ್ಟಿಕ್ಕಿ, ಒದ್ದೆ ವಾತಾವರಣದಲ್ಲಿ ಬಿಳಿಯ ಸುಣ್ಣ ಬಳಿದಂತೆ ಕಾಣುತ್ತದೆ. ಆ ಬಿಳುಪು ಎರಡನೆಯ ಸುತ್ತಿನ ಕೊನಿಡಿಯಾಗಳದ್ದು. ಇವು ಗಾಳಿಯಲ್ಲಿ ಹಾರಬಲ್ಲವು. ಕೆಲವು ದಿನಗಳ ನಂತರ ಸಿಹಿದ್ರವದ ಮೇಲೆ ಸೆರೆಬೆಲ್ಲ ಎಂಬ ಬೇರೊಂದು ಶಿಲೀಂಧ್ರ ಬೆಳೆದು ತೆನೆ ಕಪ್ಪಗಾಗುವುದುಂಟು. ಕಪ್ಪು ಬಣ್ಣವನ್ನು ನೋಡಿ ಕಾಡಿಗೆ ರೋಗವೆಂದು ಬರೆದ ಅರ್ಜಿಗಳಿಗೆ ಇದೇ ಕಾರಣವಿರಬಹುದಾದ್ದರಿಂದ, ತೆನೆಯನ್ನು ಬೆರಳಿಂದ ಮುಟ್ಟಿ ಅಂಟು ಇದೆಯೇ ಎಂದು ನೋಡತಕ್ಕದ್ದು. ಹೇನುಗಳು ಬಿಡುವ ಅಂಟುದ್ರವದೊಡನೆಯೂ ಇದನ್ನು ಬೆರೆಸಬಾರದು: ಹೇನಿನ ದ್ರವ ಎಲೆಯ ಮೇಲೆ ಹೊಳೆಯುತ್ತದೆ, ಎಲೆಯಡಿಯಲ್ಲಿ ಹೇನು ಇದ್ದೇ ಇರುತ್ತದೆ, ಅರ್ಗಟ್‌ನ ಹನಿ ಹೂವಿನೊಳಗಿಂದಲೇ ಹೊರಡುತ್ತದೆ.

ಎರಡನೆಯ ಹಂತ, ಸ್ಕ್ಲೀರೋಶಿಯಂ: ದ್ರವ ಬತ್ತಿದ ನಂತರ ಕಾಳಿನ ಸ್ಥಳದಲ್ಲಿ ಗಟ್ಟಿಯಾದ, ಕಂದುಗಪ್ಪು ಬಣ್ಣದ ಗಂಟು ಉಳಿಯುತ್ತದೆ. ಇದು ಫಲಕಾಯವಲ್ಲ, ಬೀಜಕವೂ ಅಲ್ಲ. ಎಳೆಗಳು ಒತ್ತಾಗಿ ಹೆಣೆದುಕೊಂಡು, ಕೊಬ್ಬನ್ನು ಕೂಡಿಟ್ಟುಕೊಂಡು, ಒಣ ಕಾಲವನ್ನು ಕಳೆಯಲು ಮಾಡಿಕೊಂಡ ಉಗ್ರಾಣವೆಂದು ತಿಳಿಯಬಹುದು. ವಿಷವಸ್ತುಗಳು ಶೇಖರವಾಗುವುದು ಇದರಲ್ಲಿಯೇ. ಸಜ್ಜೆಯಲ್ಲಿ ಇದು ಕಾಳಿಗಿಂತ ಉದ್ದವಾಗಿ, ಹೊಟ್ಟಿನಿಂದ ಹೊರಚಾಚಿ ಮೊನಚಾಗಿ ಕಾಣುತ್ತದೆ. ಜೋಳದಲ್ಲಿ ಕೆಲವೊಮ್ಮೆ ಹೊಟ್ಟಿನೊಳಗೇ ಅಡಗಿರುವುದರಿಂದ ಕಣ್ಣು ತಪ್ಪುವುದು ಸುಲಭ.

ಮೂರನೆಯ ಹಂತ, ಫಲಕಾಯ: ಒಕ್ಕಣೆಯಲ್ಲಿ ನೆಲಕ್ಕೆ ಉದುರಿದ ಅಥವಾ ಬೀಜದೊಡನೆ ಬಿತ್ತನೆಯಾದ ಸ್ಕ್ಲೀರೋಶಿಯಂ ಮುಂದಿನ ಮಳೆಗಾಲದ ತೇವಕ್ಕೆ ಮೊಳೆಯುತ್ತದೆ. ಅದರಿಂದ ಸಣ್ಣ ದಾರದಂತಹ ತೊಟ್ಟುಗಳು ಎದ್ದು, ತೊಟ್ಟಿನ ತುದಿಯಲ್ಲಿ ಗುಂಡುಸೂಜಿಯ ತಲೆಯಂತಹ ಗುಂಡು ಮೂಡುತ್ತದೆ. ಆ ಗುಂಡಿನ ಮೈಯೊಳಗೆ ಸುತ್ತಲೂ ಹೂಜಿಯಾಕಾರದ ಪೆರಿಥೀಸಿಯಂಗಳು ಹುದುಗಿರುತ್ತವೆ. ಅವುಗಳ ಬಾಯಿ ಮಾತ್ರ ಹೊರಕ್ಕೆ ಚುಕ್ಕೆಗಳಂತೆ ಕಾಣುತ್ತದೆ. ಪ್ರತಿ ಪೆರಿಥೀಸಿಯಂನಲ್ಲಿ ನೀಳವಾದ ಚೀಲಗಳು, ಪ್ರತಿ ಚೀಲದಲ್ಲಿ ಕೂದಲಿನಂತೆ ತೆಳ್ಳಗಿನ ಎಂಟು ಬೀಜಕಗಳು. ಸಜ್ಜೆಯ ಅರ್ಗಟ್‌ನ ಚೀಲಬೀಜಕವು ನೂರು ಮೈಕ್ರಾನಿಗಿಂತ ಉದ್ದವಿದ್ದರೂ ಅದರ ದಪ್ಪ ಒಂದು ಮೈಕ್ರಾನನ್ನೂ ಮೀರುವುದಿಲ್ಲ. ಇವು ಗಾಳಿಗೆ ಸಿಡಿದು ಹೊಸ ಬೆಳೆಯ ಮೊದಲ ಹೂವುಗಳನ್ನು ತಲುಪುತ್ತವೆ. ಅಲ್ಲಿ ಮತ್ತೆ ಜೇನಿನಂತಹ ದ್ರವ. ಈ ಮೂರೂ ರೂಪಗಳು ಒಂದೇ ಜೀವಿಯ ಹಂತಗಳು ಎಂಬುದನ್ನು ಫ್ರಾನ್ಸಿನ ತ್ಯುಲಾನ್ ಅವರು ರೈ ಧಾನ್ಯದ ಅರ್ಗಟ್ ಕುರಿತು 1853ರಲ್ಲಿ ಸ್ಥಾಪಿಸಿದರು. ಅದಕ್ಕೆ ಮೊದಲು ಮೂರಕ್ಕೂ ಮೂರು ಹೆಸರುಗಳಿದ್ದವು.

ಜೋಳದ ಅರ್ಗಟ್ ಮತ್ತು ಕರ್ನಾಟಕ

ಜೋಳದ ಅರ್ಗಟ್‌ನ ಅಲೈಂಗಿಕ ಹಂತವನ್ನು ಮೆಕ್ರೇ ಅವರು 1917ರಲ್ಲಿ ದಕ್ಷಿಣ ಭಾರತದಿಂದ ‘ಸ್ಫಸೀಲಿಯ ಸಾರ್ಗೈ’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಅದರ ಲೈಂಗಿಕ ಹಂತ ದಶಕಗಳವರೆಗೆ ವರ್ಣಿತವಾಗಿರಲಿಲ್ಲ. 1976ರಲ್ಲಿ ಕುಲಕರ್ಣಿ, ಶೇಷಾದ್ರಿ ಮತ್ತು ಹೆಗಡೆ ಅವರು ‘ಮೈಸೂರು ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್’ ಪತ್ರಿಕೆಯಲ್ಲಿ ಅದನ್ನು ವರ್ಣಿಸಿ ‘ಕ್ಲಾವಿಸೆಪ್ಸ್ ಸಾರ್ಗೈ’ ಎಂದು ನಾಮಕರಣ ಮಾಡಿದರು. ಜಗತ್ತಿನ ಗ್ರಂಥಗಳಲ್ಲಿ ಈ ಹೆಸರಿನೊಡನೆ ಇಂದಿಗೂ ಉಲ್ಲೇಖವಾಗುವುದು ನಮ್ಮ ರಾಜ್ಯದ ಈ ಪತ್ರಿಕೆಯ ಪುಟಗಳೇ.

ಜೋಳದ ಮೇಲೆ ಇನ್ನೊಂದು ಜಾತಿಯೂ ಇದೆ. ‘ಕ್ಲಾವಿಸೆಪ್ಸ್ ಆಫ್ರಿಕಾನ’ ಎಂಬ ಈ ಜಾತಿಯನ್ನು 1991ರಲ್ಲಿ ವರ್ಣಿಸಲಾಯಿತು. ದೀರ್ಘಕಾಲ ಆಫ್ರಿಕಾಕ್ಕೆ ಸೀಮಿತವೆಂದು ಭಾವಿಸಿದ್ದ ಇದು 1995ರಲ್ಲಿ ಬ್ರೆಜಿಲ್‌ನಲ್ಲಿ, 1996ರಲ್ಲಿ ಆಸ್ಟ್ರೇಲಿಯಾದಲ್ಲಿ, 1997ರಲ್ಲಿ ಅಮೆರಿಕದಲ್ಲಿ ಕಾಣಿಸಿಕೊಂಡಿತು. ಭಾರತದಲ್ಲಿಯೂ ಇರುವುದು 2000ದ ಆಸುಪಾಸಿನಲ್ಲಿ ದೃಢಪಟ್ಟಿತು. ಎರಡು ವರ್ಷಗಳಲ್ಲಿ ಮೂರು ಭೂಖಂಡಗಳನ್ನು ಮುಟ್ಟಿದ ಈ ವೇಗಕ್ಕೆ ಗಾಳಿಯಲ್ಲಿ ಹಾರುವ ಎರಡನೆಯ ಸುತ್ತಿನ ಕೊನಿಡಿಯಾ ಮತ್ತು ಸೋಂಕಿತ ಬೀಜ ಇವೆರಡೂ ನೆರವಾದವು. ಫಲಕಾಯದ ಪಾತ್ರ ಇದರಲ್ಲಿ ಅತ್ಯಲ್ಪ. ಆದ್ದರಿಂದ ಜೋಳದಲ್ಲಿ ನೆಲದ ಸ್ಕ್ಲೀರೋಶಿಯಂಗಿಂತಲೂ ನೆರೆಹೊಲದ ತಡವಾದ ಬೆಳೆ, ಬದುಗಳಲ್ಲಿ ಹೂಬಿಟ್ಟ ಕಾಡುಜೋಳ ಮತ್ತು ಕೂಳೆಯಿಂದ ಚಿಗುರಿದ ತೆನೆಗಳ ಕಡೆಗೆ ಹೆಚ್ಚಿನ ಗಮನ ಕೊಡುವುದು ಸೂಕ್ತ.

ಹೈಬ್ರಿಡ್ ಬೀಜೋತ್ಪಾದನೆಯಲ್ಲಿ ಅಪಾಯ ಹೆಚ್ಚು ಏಕೆ?

ಪರಾಗಸ್ಪರ್ಶವಾದ ಹೂವಿನ ಶಲಾಕೆಯು ಕೆಲವು ಗಂಟೆಗಳಲ್ಲಿ ಬಾಡಿ ಮುಚ್ಚಿಕೊಳ್ಳುತ್ತದೆ. ನಂತರ ಅರ್ಗಟ್ ಬೀಜಕಕ್ಕೆ ದಾರಿಯಿಲ್ಲ. ಪರಾಗ ಮೊದಲು ಬಂದರೆ ಕಾಳು, ಬೀಜಕ ಮೊದಲು ಬಂದರೆ ರೋಗ. ಸಜ್ಜೆಯಲ್ಲಿ ಶಲಾಕಾಗ್ರಗಳು ಪರಾಗಕೋಶಗಳಿಗಿಂತ ಮುಂಚೆಯೇ ಹೊರಬರುವುದರಿಂದ ಪ್ರತಿ ತೆನೆಯೂ ಒಂದೆರಡು ದಿನ ತೆರೆದ ಬಾಗಿಲಿನಂತಿರುತ್ತದೆ. ಹಳೆಯ ನಾಟಿ ತಳಿಗಳಲ್ಲಿ ಎಲ್ಲ ಗಿಡಗಳೂ ಒಮ್ಮೆಗೇ ಹೂಬಿಡದೆ ಹಿಂದೆಮುಂದೆ ಬಿಡುತ್ತಿದ್ದುದರಿಂದ ಹೊಲದಲ್ಲಿ ಯಾವಾಗಲೂ ಪರಾಗ ಹಾರುತ್ತಿತ್ತು. 1965ರಲ್ಲಿ ಎಚ್‌ಬಿ-1 ಎಂಬ ಮೊದಲ ಸಜ್ಜೆ ಹೈಬ್ರಿಡ್ ಬಿಡುಗಡೆಯಾದ ನಂತರ, ಒಂದೇ ಬಾರಿಗೆ ಹೂಬಿಡುವ ಬೆಳೆ ವಿಸ್ತಾರವಾಗಿ ಹಬ್ಬಿ, ಅದುವರೆಗೆ ಅಷ್ಟಾಗಿ ಲೆಕ್ಕಕ್ಕಿಲ್ಲದಿದ್ದ ಅರ್ಗಟ್ ಮುಖ್ಯ ರೋಗವಾಯಿತು. ಇಳುವರಿಯ ಲಾಭವನ್ನು ಅಲ್ಲಗಳೆಯದೆಯೇ ಈ ಬೆಲೆಯನ್ನೂ ಗುರುತಿಸಬೇಕಾಗುತ್ತದೆ.

ಬೀಜೋತ್ಪಾದನೆಯ ತಾಕಿನಲ್ಲಿ ಹೆಣ್ಣುಸಾಲಿನ ಗಿಡಗಳಿಗೆ ಸ್ವಂತ ಪರಾಗವೇ ಇರುವುದಿಲ್ಲ. ಗಂಡುಸಾಲು ನಾಲ್ಕು ದಿನ ತಡವಾಗಿ ಹೂಬಿಟ್ಟರೆ ಆ ನಾಲ್ಕು ದಿನವೂ ಹೆಣ್ಣುಸಾಲು ರೋಗಕ್ಕೆ ಒಡ್ಡಿಕೊಂಡಿರುತ್ತದೆ. ಜೋಳದಲ್ಲಿ ಹೂಬಿಡುವ ಮೊದಲಿನ ರಾತ್ರಿಗಳಲ್ಲಿ ಉಷ್ಣಾಂಶ 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಲ್ಲಿ ಪರಾಗ ನಿಸ್ಸತ್ವವಾಗುತ್ತದೆ. ಜೊತೆಗೆ ಮೋಡ, ತುಂತುರು ಮತ್ತು 20 ಡಿಗ್ರಿಯ ಆಸುಪಾಸಿನ ತಂಪು ಇದ್ದರೆ ರೋಗಕ್ಕೆ ಎಲ್ಲವೂ ಕೂಡಿಬಂದಂತೆ. ಗಂಡು ಮತ್ತು ಹೆಣ್ಣು ಸಾಲುಗಳ ಬಿತ್ತನೆಯ ಅಂತರವನ್ನು ಸರಿಯಾಗಿ ಇಟ್ಟು ಹೂಬಿಡುವ ಕಾಲವನ್ನು ಹೊಂದಿಸುವುದೇ ಇದಕ್ಕೆ ಮೊದಲ ಪರಿಹಾರ. ಮುಂಚಿತವಾಗಿ ಹೂಬಿಡುವ ಪರಾಗದಾನಿ ತಳಿಯನ್ನು ಜೊತೆಗೆ ಬೆಳೆದಾಗ ಸಜ್ಜೆಯ ಅರ್ಗಟ್ ಗಮನಾರ್ಹವಾಗಿ ತಗ್ಗುವುದನ್ನು ಪಟಂಚೇರುವಿನ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು 1983ರಲ್ಲಿ ವರದಿ ಮಾಡಿದ್ದಾರೆ. ಶಿಲೀಂಧ್ರನಾಶಕ ಸಿಂಪರಣೆಯು ಬೀಜದ ತಾಕಿಗೆ ಮಾತ್ರ ಖರ್ಚು ಗಿಟ್ಟಿಸುತ್ತದೆ. ಅದೂ ಹೂಬಿಡುವ ಹೊತ್ತಿಗೇ ಆಗಬೇಕು. ಹನಿ ಒಸರಿದ ನಂತರದ ಸಿಂಪರಣೆ ಆ ಹೂವನ್ನು ಉಳಿಸದು. ಔಷಧಿಯ ಹೆಸರು ಮತ್ತು ಪ್ರಮಾಣವನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

ಆಹಾರ ಮತ್ತು ಮೇವಿನಲ್ಲಿ ಅರ್ಗಟ್

ಈ ಭಾಗವನ್ನು ಎಲ್ಲ ಓದುಗರೂ ಗಮನವಿಟ್ಟು ಓದಬೇಕೆಂದು ಕೋರಲಾಗಿದೆ. ಅರ್ಗಟ್ ಬೆರೆತ ಸಜ್ಜೆಯನ್ನು ಉಂಡು ಜನರು ಅಸ್ವಸ್ಥರಾದ ಪ್ರಕರಣಗಳು 1950ರ ದಶಕದ ಕೊನೆಯಲ್ಲಿ ಆಗಿನ ಮುಂಬಯಿ ರಾಜ್ಯದಲ್ಲಿ ಮತ್ತು 1975ರಲ್ಲಿ ರಾಜಸ್ಥಾನದಲ್ಲಿ ದಾಖಲಾಗಿವೆ. ವಾಕರಿಕೆ, ಪದೇ ಪದೇ ವಾಂತಿ, ತಲೆಸುತ್ತು ಮತ್ತು ಅತಿಯಾದ ಮಂಪರು ಮುಖ್ಯ ಲಕ್ಷಣಗಳು. ಬಾಧಿತರು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಚೇತರಿಸಿಕೊಂಡರು. ಮಧ್ಯಯುಗದ ಯುರೋಪಿನಲ್ಲಿ ರೈ ಧಾನ್ಯದ ಅರ್ಗಟ್‌ನಿಂದ ಕೈಕಾಲುಗಳು ಕಪ್ಪಾಗಿ ಕೊಳೆತು ಉದುರಿದ ವೃತ್ತಾಂತಗಳನ್ನು ಓದಿ ಸಜ್ಜೆಯಿಂದಲೂ ಹಾಗಾಗುವುದೆಂದು ಭಯಪಡಬೇಕಾಗಿಲ್ಲ. ಎರಡರ ಆಲ್ಕಲಾಯ್ಡುಗಳು ಬೇರೆ ಬೇರೆ ಗುಂಪಿನವು. ಆದರೆ ರೊಟ್ಟಿ ಬೇಯಿಸಿದರೆ ವಿಷ ಹೋಗುವುದೆಂಬ ಭರವಸೆಯನ್ನೂ ಇಟ್ಟುಕೊಳ್ಳಬಾರದು. ಒಂದೇ ಧಾನ್ಯವನ್ನುಂಡ ಮನೆಮಂದಿಗೆಲ್ಲ ಒಟ್ಟಿಗೆ ವಾಂತಿ, ಮಂಪರು ಕಾಣಿಸಿಕೊಂಡಲ್ಲಿ ಕೂಡಲೇ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೆರಳಬೇಕು ಮತ್ತು ಉಳಿದ ಧಾನ್ಯವನ್ನು ಎಸೆಯದೆ ತೋರಿಸಬೇಕು.

ದನಕರುಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಆಸ್ಟ್ರೇಲಿಯಾದಲ್ಲಿ ಜೋಳದ ಅರ್ಗಟ್ ಬೆರೆತ ಆಹಾರವನ್ನು ತಿಂದ ಹಂದಿ ಮತ್ತು ಹಸುಗಳಲ್ಲಿ ಹಾಲು ಬತ್ತಿದುದು ದಾಖಲಾಗಿದೆ. ತೂರಿದ ಮೇಲೆ ಉಳಿದ ಕಸರನ್ನು ‘ದನಕ್ಕಾದರೂ ಆಗಲಿ’ ಎಂದು ಗೋದಲಿಗೆ ಹಾಕುವ ಪದ್ಧತಿಯನ್ನು ಇಂತಹ ವರ್ಷಗಳಲ್ಲಿ ಕೈಬಿಡಬೇಕು. ಕರಿಯ ಗಂಟುಗಳೆಲ್ಲ ಬಂದು ಸೇರುವುದು ಆ ಕಸರಿನಲ್ಲಿಯೇ.

ಆಹಾರ ಧಾನ್ಯದಲ್ಲಿ ಅರ್ಗಟ್ ತಗುಲಿದ ಕಾಳಿನ ಪ್ರಮಾಣ ತೂಕದಲ್ಲಿ ಶೇಕಡ 0.05ನ್ನು ಮೀರಕೂಡದೆಂದು ಆಹಾರ ಸುರಕ್ಷತಾ ನಿಯಮಗಳಲ್ಲಿ ನಿಗದಿಪಡಿಸಲಾಗಿದೆ. ಅಂದರೆ ಒಂದು ಕ್ವಿಂಟಲ್‌ಗೆ 50 ಗ್ರಾಂ. ಒಂದು ಹಿಡಿ ಎನ್ನಬಹುದಾದ ಪ್ರಮಾಣವಿದು.

ಮನೆಯಲ್ಲಿ ಬೇರ್ಪಡಿಸುವ ವಿಧಾನ ಸರಳವಾಗಿದೆ. ಸ್ಕ್ಲೀರೋಶಿಯಂ ಒಳ್ಳೆಯ ಕಾಳಿಗಿಂತ ಹಗುರ. ಹತ್ತು ಲೀಟರ್ ನೀರಿಗೆ 1ರಿಂದ 2 ಕಿಲೋ ಅಡುಗೆ ಉಪ್ಪನ್ನು ಕರಗಿಸಿ, ಕಾಳನ್ನು ಸ್ವಲ್ಪ ಸ್ವಲ್ಪವಾಗಿ ಸುರಿದು ಚೆನ್ನಾಗಿ ಕಲಕಬೇಕು. ಮೇಲೆ ತೇಲಿದ ಗಂಟು, ಜೊಳ್ಳು ಮತ್ತು ಕಸವನ್ನು ಜರಡಿಯಿಂದ ತೆಗೆಯಬೇಕು. ತಳದಲ್ಲಿ ನಿಂತ ಕಾಳನ್ನು ಎರಡು ಮೂರು ಬಾರಿ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಉಪ್ಪು ಉಳಿದಲ್ಲಿ ಬಿತ್ತನೆ ಬೀಜದ ಮೊಳಕೆ ಕೆಡುತ್ತದೆ. ತೆಗೆದ ಗಂಟುಗಳನ್ನು ತಿಪ್ಪೆಗೆ ಎಸೆಯಕೂಡದು; ಗೊಬ್ಬರದೊಡನೆ ಅವು ಮರಳಿ ಹೊಲವನ್ನೇ ಸೇರುತ್ತವೆ. ಸುಡುವುದು ಅಥವಾ ಆಳವಾಗಿ ಹೂಳುವುದು ಸರಿಯಾದ ಕ್ರಮ. ಮಾಗಿ ಉಳುಮೆಯನ್ನು ಆಳವಾಗಿ ಮಾಡುವುದರ ಹಿಂದಿನ ತತ್ವವೂ ಇದೇ: ಆಳದಲ್ಲಿ ಮೊಳೆತ ಸ್ಕ್ಲೀರೋಶಿಯಂನ ತೊಟ್ಟು ನೆಲದ ಮೇಲಕ್ಕೆ ಬರಲಾರದು, ಬೀಜಕಗಳು ಗಾಳಿಯನ್ನು ಕಾಣಲಾರವು.

ಬೀಜ ಪ್ರಮಾಣನಕ್ಕೆ ಅರ್ಜಿ ಸಲ್ಲಿಸುವವರ ಗಮನಕ್ಕೆ

ಭಾರತೀಯ ಕನಿಷ್ಠ ಬೀಜ ಪ್ರಮಾಣನ ಮಾನಕಗಳ ಪ್ರಕಾರ ಸಜ್ಜೆ ಹಾಗೂ ಜೋಳದ ಬೀಜದಲ್ಲಿ ಅರ್ಗಟ್‌ನ ಗರಿಷ್ಠ ಮಿತಿಯು ಸಂಖ್ಯೆಯ ಲೆಕ್ಕದಲ್ಲಿ ಮೂಲಬೀಜಕ್ಕೆ ಶೇಕಡ 0.02 ಮತ್ತು ಪ್ರಮಾಣಿತ ಬೀಜಕ್ಕೆ ಶೇಕಡ 0.04 ಆಗಿರುತ್ತದೆ. ಹತ್ತು ಸಾವಿರ ಕಾಳುಗಳಲ್ಲಿ ಕ್ರಮವಾಗಿ ಎರಡು ಮತ್ತು ನಾಲ್ಕು. ಸಜ್ಜೆಯ ಸಂದರ್ಭದಲ್ಲಿ ಪೂರ್ಣ ಗಂಟು ಮಾತ್ರವಲ್ಲದೆ ಮುರಿದ ಚೂರು ಮತ್ತು ಅರೆಭಾಗ ಗಂಟಾಗಿರುವ ಕಾಳನ್ನೂ ಎಣಿಕೆಗೆ ತೆಗೆದುಕೊಳ್ಳಲಾಗುತ್ತದೆ. ಸಂಸ್ಕರಣೆಯಲ್ಲಿ ಗಂಟುಗಳು ಪುಡಿಯಾದರೆ ಎಣಿಕೆ ತಗ್ಗುವುದಿಲ್ಲ, ಹೆಚ್ಚುತ್ತದೆ ಎಂಬುದನ್ನು ಉತ್ಪಾದಕರು ಮನಗಾಣಬೇಕು. ಸದರಿ ಮಾನಕದಲ್ಲಿ ಸಜ್ಜೆಯ ಅರ್ಗಟ್‌ಗೆ ‘ಕ್ಲಾವಿಸೆಪ್ಸ್ ಮೈಕ್ರೋಸೆಫಾಲ’ ಎಂಬ ಹಳೆಯ ಹೆಸರು ಬಳಕೆಯಾಗಿರುವುದುಂಟು. 1967ರ ನಂತರದ ಗ್ರಂಥಗಳಲ್ಲಿ ಇದು ‘ಕ್ಲಾವಿಸೆಪ್ಸ್ ಫ್ಯುಸಿಫಾರ್ಮಿಸ್’ ಆಗಿದೆ.

ತಾಕಿನ ಪರಿವೀಕ್ಷಣೆಯ ದಿನಕ್ಕೆ ಕಾಯದೆ, ಹೂಬಿಡುವ ಕಾಲದಿಂದ ದಿನಬಿಟ್ಟು ದಿನ ಸಾಲುಗಳಲ್ಲಿ ನಡೆದು, ಹನಿ ಕಂಡ ತೆನೆಗಳನ್ನು ಕಾಗದ ಅಥವಾ ಬಟ್ಟೆಯ ಚೀಲದೊಳಗೇ ಕತ್ತರಿಸಿಕೊಂಡು ಹೊರಕ್ಕೆ ಒಯ್ದು ಸುಡುವುದು ಒಳಿತು. ಬರಿಗೈಯಲ್ಲಿ ಮುರಿದು ಅದೇ ಕೈಯಿಂದ ಪಕ್ಕದ ತೆನೆಯನ್ನು ಸರಿಸಿದರೆ ರೋಗವನ್ನು ಕೈಯಾರೆ ಹಚ್ಚಿದಂತಾಗುತ್ತದೆ. ಈ ಕೆಲಸವನ್ನು ಇಬ್ಬನಿ ಆರಿದ ನಂತರ ಮಾಡಬೇಕು. ಕೊಯ್ಲಿನಲ್ಲಿ ಅನುಮಾನವಿರುವ ಭಾಗವನ್ನು ಪ್ರತ್ಯೇಕವಾಗಿ ಕೊಯ್ದು ಪ್ರತ್ಯೇಕ ಕಣದಲ್ಲಿ ಒಕ್ಕಿದಲ್ಲಿ ಇಡೀ ರಾಶಿ ತಿರಸ್ಕೃತವಾಗುವುದನ್ನು ತಪ್ಪಿಸಬಹುದು.

ಮಾದರಿ ಕಳುಹಿಸುವ ಕ್ರಮ

ರೋಗ ತಪಾಸಣೆಗಾಗಿ ಮಾದರಿಗಳನ್ನು ರೈತ ಸಂಪರ್ಕ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ ಅಥವಾ ಕೃಷಿ ವಿಶ್ವವಿದ್ಯಾಲಯದ ಸಸ್ಯರೋಗಶಾಸ್ತ್ರ ವಿಭಾಗಕ್ಕೆ ತಲುಪಿಸಬಹುದು. ಪ್ಲಾಸ್ಟಿಕ್ ಚೀಲವನ್ನು ಬಳಸಕೂಡದು. ಒಳಗೆ ಬೆವರಿ, ಎರಡೇ ದಿನಗಳಲ್ಲಿ ಬೂಷ್ಟು ಬೆಳೆದು ಮೂಲ ರೋಗಕಾರಕ ಮರೆಯಾಗುತ್ತದೆ. ಎಲೆಗಳನ್ನು ಹಳೆಯ ವೃತ್ತಪತ್ರಿಕೆಯ ಪದರಗಳ ನಡುವೆ ಹರಡಿ ಕಟ್ಟಬೇಕು. ಎಲೆಚುಕ್ಕಿಯ ಮಾದರಿಯಾದಲ್ಲಿ ಪೂರ್ತಿ ಒಣಗಿದ ಎಲೆಗಿಂತ, ಚುಕ್ಕೆಯ ಅಂಚಿನಲ್ಲಿ ಇನ್ನೂ ಹಸಿರಿರುವ ಎಲೆ ಉಪಯುಕ್ತ. ಫಲಕಾಯಗಳು ಹಳೆಯ ಭಾಗದಲ್ಲಿಯೂ ಜೀವಂತ ಎಳೆಗಳು ಅಂಚಿನಲ್ಲಿಯೂ ಇರುವುದರಿಂದ ಎರಡೂ ಒಂದೇ ತುಂಡಿನಲ್ಲಿ ದೊರೆಯಬೇಕು. ಅರ್ಗಟ್ ಶಂಕೆಯಿರುವ ತೆನೆಯನ್ನು ಹನಿ ಇರುವಾಗಲೇ ಕಾಗದದ ಲಕೋಟೆಯಲ್ಲಿ ಬೇರೆಯಾಗಿ ಇಟ್ಟು, ಇತರ ಮಾದರಿಗಳೊಡನೆ ಸೇರಿಸದೆ ಕೊಡಬೇಕು. ಒಕ್ಕಿದ ಕಾಳಿನ ಮಾದರಿಯನ್ನು ರಾಶಿಯ ಮೇಲ್ಭಾಗದಿಂದ ಮಾತ್ರ ತೆಗೆಯದೆ, ನಡುವಿನಿಂದಲೂ ತಳದಿಂದಲೂ ತೆಗೆದು ಬೆರೆಸತಕ್ಕದ್ದು. ಗಂಟುಗಳು ಹಗುರವಾದ್ದರಿಂದ ರಾಶಿಯಲ್ಲಿ ಸಮನಾಗಿ ಹರಡಿರುವುದಿಲ್ಲ.

ಮಾದರಿಯೊಡನೆ ಬೆಳೆ ಮತ್ತು ತಳಿಯ ಹೆಸರು, ಬಿತ್ತನೆಯ ದಿನಾಂಕ, ಹೂಬಿಟ್ಟ ವಾರ, ಮಾದರಿ ತೆಗೆದ ದಿನಾಂಕ, ಗ್ರಾಮ ಮತ್ತು ಹೋಬಳಿ, ಹೊಲದಲ್ಲಿ ರೋಗ ಒಂದು ಮೂಲೆಯಲ್ಲಿದೆಯೇ ಅಥವಾ ಎಲ್ಲೆಡೆ ಹರಡಿದೆಯೇ ಎಂಬ ವಿವರ, ಹಾಗೂ ಅದುವರೆಗೆ ಸಿಂಪಡಿಸಿದ ಔಷಧಿಗಳನ್ನು ಒಂದು ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದಿಡಬೇಕು. ಶಾಯಿಯ ಬರಹ ತೇವಕ್ಕೆ ಅಳಿಸಿಹೋಗುತ್ತದೆ.